ಪಾರಿಜಾತದಲ್ಲಿ ಸ್ತ್ರೀವಾಚಕ ನುಡಿ

ವಿಜಯಪುರ, ಬಾಗಲಕೋಟೆ, ಬೆಳಗಾವಿ ಸೀಮೆಯ ಹಾಸ್ಯಪ್ರಧಾನ ಬಯಲಾಟವಾದ ಶ್ರೀಕೃಷ್ಣ ಪಾರಿಜಾತದಲ್ಲಿ ಹೆಣ್ಣನ್ನು ಕುರಿತು ಆಡುವ ಮಾತುಗಳು ಆ ಸಮಾಜವು ಹೆಣ್ಣನ್ನು ನೋಡುವ ಬಗೆಯನ್ನು ಪ್ರಕಟಗೊಳಿಸುತ್ತವೆ. ಅಪರಾಳ ತಮ್ಮಣ್ಣ, ಕುಲಗೋಡ ತಮ್ಮಣ್ಣರ ಹೆಸರಿನೊಡನೆ ಬೆಳೆದುಬಂದ ಈ ಆಟದ ಕಥಾಬೀಜ ಸುಪರಿಚಿತವಾದುದು: ನಾರದನು ತಂದ ಪಾರಿಜಾತದ ಹೂವು ರುಕ್ಮಿಣಿಯ ಪಾಲಾಗಲು ಸತ್ಯಭಾಮೆ ಮುನಿಯುತ್ತಾಳೆ.

ಇಲ್ಲಿ ವಿಚಾರಾರ್ಹವಾದುದು 'ಸವತಿ' ಎಂಬ ಪದ. ಹೂವನ್ನು ಕೊಟ್ಟವನು ಕೃಷ್ಣನಾದರೂ ಕಲಹವು ಇಬ್ಬರು ಹೆಂಗಸರ ಮಧ್ಯದ್ದೆಂಬಂತೆ ತೋರುವುದು ಈ ಒಂದು ಪದದ ಬಲದಿಂದ. ಇದಕ್ಕೆ ಸಮಾನವಾದ ಪುಲ್ಲಿಂಗರೂಪವು ನಮ್ಮ ನುಡಿಯಲ್ಲಿ ಬಳಕೆಯಲ್ಲಿಲ್ಲ. ಇದೇ ಸೀಮೆಯ ತಿಕೋಟಾ, ಬಬಲೇಶ್ವರದ ಕಡೆಯ ಆಡುಮಾತಿಗೂ ಸಲ್ಲುವ 'ಗಯ್ಯಾಳಿ', 'ಬಾಯಿಬಡಕಿ', 'ಗಂಡುಬೀರಿ' ಎಂಬ ಬೈಗುಳಗಳನ್ನು ನೋಡಿದರೆ, ಅವು ಹಳಿಯುವುದು ಹೆಣ್ಣಿನ ದುಷ್ಕೃತ್ಯವನ್ನಲ್ಲ, ಅವಳ ದನಿಯನ್ನು ಮತ್ತು ಎದೆಗಾರಿಕೆಯನ್ನು. ಇದೇ ಬಗೆಯಲ್ಲಿ ಇಂಗ್ಲೆಂಡಿನ ಷೇಕ್ಸ್‌ಪಿಯರನು ಗಯ್ಯಾಳಿಯನ್ನು ಪಳಗಿಸುವ ಪ್ರಹಸನವನ್ನು ರಚಿಸಿದನು. ಅಲ್ಲಿಯೂ ನಾಯಕಿ ಕ್ಯಾಥರಿನಳ ಮಾತೇ ಅವಳ ಅಪರಾಧ.

ಆದರೆ ಸತ್ಯಭಾಮೆ ಪಳಗುವವಳಲ್ಲ. ಮುನಿಸಿನಿಂದ ಮಲಗಿದ ಅವಳನ್ನು ಒಲಿಸಿಕೊಳ್ಳಲು ಜಗದೊಡೆಯನೇ ಬಾಗುತ್ತಾನೆ. ಅವಳ ದೂತಿಯೂ ಆಟ ನಡೆಸುವ ಭಾಗವತನ ಕೀಟಲೆಗೆ ಸರಿಸಮನಾಗಿ, ಅಚ್ಚ ಉತ್ತರ ಕರ್ನಾಟಕದ ನುಡಿಯಲ್ಲಿ ಎದುರುತ್ತರ ಕೊಡುತ್ತಾಳೆ. ಗಂಡಸರೇ ಸೀರೆಯುಟ್ಟು ಸ್ತ್ರೀಪಾತ್ರ ವಹಿಸುತ್ತಿದ್ದ ರಂಗಕ್ಕೆ ಕೌಜಲಗಿ ನಿಂಗಮ್ಮನಂತಹ ಕಲಾವಿದೆ ಬಂದಮೇಲೆ ಆ ಮಾತು ಹೆಣ್ಣಿನ ಸ್ವಂತ ಕಂಠದಿಂದಲೇ ಹೊರಟಿತು.