ಅರ್ಕಾವತಿಯ ದಂಡೆಯಲ್ಲಿ ನೀರಿನ ಕಟ್ಟಳೆ

ನಮ್ಮ ಧರ್ಮಕೇಂದ್ರದ ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ದೇವಾಲಯದ ಗೋಡೆ, ಗೋಪುರ, ಘಂಟೆಗಳ ಚರಿತ್ರೆಯನ್ನು ಬರೆಯಬಲ್ಲವರು ಅನೇಕರಿದ್ದಾರೆ. ನಾವು ಈ ಸೀಮೆಯ ನೀರಿನ ಚರಿತ್ರೆಯನ್ನು ಸಂಕ್ಷೇಪವಾಗಿ ನಿವೇದಿಸಬಯಸುತ್ತೇವೆ. ಏಕೆಂದರೆ ನೀರಿಲ್ಲದ ಕಡೆ ಊರಿಲ್ಲ. ಊರಿಲ್ಲದ ಕಡೆ ದೇವಾಲಯವೂ ಇಲ್ಲ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ತಾಲ್ಲೂಕುಗಳು 2007ರಲ್ಲಿ ಸೇರಿ ಒಂದು ಪ್ರತ್ಯೇಕ ಜಿಲ್ಲೆಯಾದವು. ಬಂಡೆಗಳ ನಾಡು ಇದು. ಬಿದ್ದ ಮಳೆ ನಿಲ್ಲದೆ ಇಳಿಜಾರಿನಲ್ಲಿ ಹರಿದುಹೋಗುತ್ತದೆ. ಆದುದರಿಂದಲೇ ನಮ್ಮ ಪೂರ್ವಿಕರು ಹಳ್ಳಕ್ಕೆ ಅಡ್ಡಲಾಗಿ ಏರಿ ಹಾಕಿ ಕೆರೆಗಳನ್ನು ಕಟ್ಟಿದರು. ಒಂದು ಕೆರೆಯ ಕೋಡಿ ಹರಿದ ನೀರು ಕೆಳಗಿನ ಕೆರೆಯನ್ನು ಸೇರುವಂತೆ ಸಾಲಾಗಿ ಕಟ್ಟಿದರು.

ಕೆರೆಯ ಜೊತೆಗೆ ಕಟ್ಟಳೆಯೂ ಹುಟ್ಟಿತು. ತೂಬನ್ನು ತೆರೆಯುವ, ಮುಚ್ಚುವ ಅಧಿಕಾರ ನೀರುಗಂಟಿಯದು. ಎಷ್ಟೇ ದೊಡ್ಡ ಹಿಡುವಳಿದಾರನಾದರೂ ತಾನಾಗಿ ತೂಬೆತ್ತುವಂತಿರಲಿಲ್ಲ. ಸುಗ್ಗಿಯ ಕಾಲದಲ್ಲಿ ರೈತರ ಕಣದಿಂದ ನೀರುಗಂಟಿಗೆ ಧಾನ್ಯದ ಪಾಲು ಸಲ್ಲುತ್ತಿತ್ತು. ಕೆರೆ ತುಂಬದ ವರ್ಷ ಭತ್ತದ ಗದ್ದೆ ಕಿರಿದಾಗುತ್ತಿತ್ತು, ಸರದಿ ಬಿಗಿಯಾಗುತ್ತಿತ್ತು, ದನಕರುಗಳ ಕುಡಿಯುವ ನೀರಿಗೆ ಮೊದಲ ಸ್ಥಾನ ಸಿಗುತ್ತಿತ್ತು. ಮೈಸೂರು ಸರ್ಕಾರವೂ 1911ರಲ್ಲಿ ಕೆರೆ ಪಂಚಾಯಿತಿಗಳ ಕಾಯಿದೆಯನ್ನು ತಂದು ಗ್ರಾಮಸ್ಥರ ಈ ಹೊಣೆಗೆ ಶಾಸನದ ರೂಪ ಕೊಟ್ಟಿತು.

ಆದರೂ ಕಟ್ಟಳೆಗೂ ಮೀರಿದ ಬರಗಳು ಬಂದವು. ಅವುಗಳಲ್ಲಿ ಅತ್ಯಂತ ಭೀಕರವಾದುದು 1876ರಿಂದ 78ರವರೆಗಿನ ಮಹಾಕ್ಷಾಮ. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಇಂದು ನಾವು ರಾಮನಗರ, ಚನ್ನಪಟ್ಟಣಗಳಲ್ಲಿ ಹತ್ತಿ ಇಳಿಯುವ ಬೆಂಗಳೂರು-ಮೈಸೂರು ರೈಲುಮಾರ್ಗದ ಮಣ್ಣು ಕೆಲಸ ಆ ಕ್ಷಾಮದಲ್ಲಿ ಹಸಿದವರಿಗೆ ಕೂಲಿ ಒದಗಿಸಲು ಕೈಗೊಂಡ ಕಾಮಗಾರಿಯಾಗಿತ್ತೆಂಬುದನ್ನು ಎಷ್ಟು ಮಂದಿ ನೆನೆಯುತ್ತೇವೆ?

ಇನ್ನು ಅರ್ಕಾವತಿಯ ವೃತ್ತಾಂತವನ್ನು ನೋಡೋಣ. ನಂದಿಬೆಟ್ಟದಲ್ಲಿ ಹುಟ್ಟಿ, ಮಾಗಡಿ ಸೀಮೆಯನ್ನು ಹಾದು, ರಾಮನಗರ, ಕನಕಪುರಗಳ ಮೂಲಕ ಹರಿದು, ಸಂಗಮದಲ್ಲಿ ಕಾವೇರಿಯನ್ನು ಕೂಡುವ ಹೊಳೆ ಇದು. ಬೆಂಗಳೂರು ನಗರವು 1896ರಲ್ಲಿ ಹೆಸರಘಟ್ಟದಿಂದ ಈ ಹೊಳೆಯ ನೀರನ್ನು ಪಡೆಯಿತು. ಅದು ಸಾಲದೆ ಬಂದಾಗ, 1933ರಲ್ಲಿ ಮಾಗಡಿ ತಾಲ್ಲೂಕಿನ ತಿಪ್ಪಗೊಂಡನಹಳ್ಳಿಯಲ್ಲಿ ಜಲಾಶಯ ಸಿದ್ಧವಾಯಿತು. 1974ರಿಂದ ಕಾವೇರಿಯ ನೀರು ತೊರೆಕಾಡನಹಳ್ಳಿಯಿಂದ ಹೊರಟು ಹಾರೋಹಳ್ಳಿಯ ಮಾರ್ಗವಾಗಿ ನಗರವನ್ನು ಸೇರುತ್ತಿದೆ. ಹೀಗೆ ನಗರದ ನೀರು ನಮ್ಮ ನೆಲದ ಮೇಲೆಯೇ ಹೋಯಿತು. ನಗರದ ಕೊಳಚೆಯಾದರೋ ವೃಷಭಾವತಿಯ ಮೂಲಕ ಬೈರಮಂಗಲದ ಕೆರೆಗೆ ಬಂದು ಸೇರಿತು. ಇದನ್ನು ದ್ವೇಷದಿಂದ ಹೇಳುತ್ತಿಲ್ಲ. ನಮ್ಮ ಮನೆಗಳ ಮಕ್ಕಳೇ ಆ ನಗರದಲ್ಲಿ ದುಡಿಯುತ್ತಿದ್ದಾರೆ, ಆ ನೀರನ್ನೇ ಕುಡಿಯುತ್ತಿದ್ದಾರೆ.

ಈ ನಡುವೆ ಕೊಳವೆ ಬಾವಿ ಬಂದಿತು. ಹಿಪ್ಪುನೇರಳೆ ತೋಟಗಳು ಅದರಿಂದ ಹಸಿರಾದವು, ರೇಷ್ಮೆಯಿಂದ ಅನೇಕ ಮನೆಗಳಲ್ಲಿ ದೀಪ ಹತ್ತಿತು. ಆದರೆ ಒಂದು ನಷ್ಟವೂ ಆಯಿತು. ಕೆರೆಯ ನೀರು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಎಷ್ಟು ಉಳಿದಿದೆಯೆಂದು ಮಗುವೂ ಹೇಳಬಲ್ಲುದಾಗಿತ್ತು. ನೆಲದಾಳದ ನೀರು ಯಾರಿಗೂ ಕಾಣದು. ಕಾಣದುದಕ್ಕೆ ಸರದಿಯಿಲ್ಲ, ನೀರುಗಂಟಿಯಿಲ್ಲ. ಒಬ್ಬನ ಬಾವಿ ಆಳವಾದರೆ ನೆರೆಯವನ ಬಾವಿ ಬತ್ತಿತು. ಸರ್ಕಾರವು 1999ರಲ್ಲಿ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರಿನೊಳಗೆ ಅನುಮತಿಯಿಲ್ಲದೆ ಬಾವಿ ತೋಡಬಾರದೆಂದೂ, 2011ರಲ್ಲಿ ಅಂತರ್ಜಲದ ಬಳಕೆಯನ್ನು ನಿಯಂತ್ರಿಸಬೇಕೆಂದೂ ಕಾಯಿದೆಗಳನ್ನು ಮಾಡಿತು. ಕಾಯಿದೆ ಕಾಗದದ ಮೇಲಿದ್ದರೆ ಸಾಲದು, ಅದನ್ನು ಕಾಯುವ ನೆರೆಹೊರೆಯೂ ಬೇಕು.

2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಮರುವರ್ಷ ಮಾರ್ಚ್ ತಿಂಗಳಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದು, ಕೈತೋಟಕ್ಕೆ ಹಾಯಿಸುವುದು, ಕಟ್ಟಡ ಕಟ್ಟುವುದು ಇವನ್ನೆಲ್ಲ ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ವಿಧಿಸಿತು. ಆ ಆಜ್ಞೆ ಬೆಂಗಳೂರಿನ ಮನೆಗಳಿಗೆ ಮಾತ್ರ. ನಮ್ಮ ಊರುಗಳಿಗೆ ಅದು ಅನ್ವಯಿಸದು. ಬರ ಮಾತ್ರ ಅನ್ವಯಿಸುತ್ತದೆ.

ಇಲ್ಲಿ ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳುವುದು ಧರ್ಮ. ನಮ್ಮ ದೇವಾಲಯದ ಆವರಣದಲ್ಲಿ ಕಲ್ಲುಕಟ್ಟಿನ ತೆರೆದ ಬಾವಿಯಿತ್ತು. ಬೇಸಿಗೆಯಲ್ಲಿ ಸಂಜೆಯ ತ್ರಿಕಾಲ ಪ್ರಾರ್ಥನೆಯ ಘಂಟೆಯಾದ ಮೇಲೆ ಮನೆಗೆ ಎರಡು ಕೊಡ ಮಾತ್ರ ಸೇದಬೇಕು, ಹಸುಗೂಸಿರುವ ಮನೆಗೆ ಮೂರು ಎಂಬ ಪದ್ಧತಿ ಇತ್ತೆಂದು ಹಿರಿಯರು ಹೇಳುವರು. ಕೊಳವೆ ಬಾವಿಯಲ್ಲಿ ನೀರು ಚಿಮ್ಮಿದ ವರ್ಷ ಆ ಹಳೆಯ ಬಾವಿಗೆ ಕಲ್ಲುಮಣ್ಣು ತುಂಬಿಸಲಾಯಿತು. ಆಗ ವಿಚಾರಣಾ ಗುರುಗಳಾಗಿದ್ದವರು ನಾವೇ. ಬೇಡವೆಂದು ಇಬ್ಬರು ಮುದುಕರು ಬಂದು ಹೇಳಿದ್ದರು. ನಾವು ಅವರ ಮಾತನ್ನು ಕೇಳಲಿಲ್ಲ. 2024ರ ಬೇಸಿಗೆಯಲ್ಲಿ ಕೊಳವೆ ಬಾವಿ ಗಾಳಿಯನ್ನು ಕಾರಿದಾಗ, ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತವರ ಸಾಲಿನಲ್ಲಿ ಅವರ ಸೊಸೆಯಂದಿರಿದ್ದರು. ಯಾರೂ ನಮ್ಮನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಉತ್ತರವಿರಲಿಲ್ಲ.

ಶತಮಾನೋತ್ಸವ ಸಮಿತಿಯಲ್ಲಿ ಕೆಲವರು ವಾಹನ ನಿಲ್ಲಿಸಲು ಆವರಣಕ್ಕೆಲ್ಲ ಸಿಮೆಂಟು ಹಾಕಿಸೋಣವೆಂದರು. ಅವರ ಅಗತ್ಯ ಸುಳ್ಳಲ್ಲ. ಆದರೆ ಲೆಕ್ಕವೊಂದನ್ನು ನೋಡಿರಿ. 100 ಚದರ ಮೀಟರ್ ಚಾವಣಿಯ ಮೇಲೆ ವರ್ಷಕ್ಕೆ 800 ಮಿಲಿಮೀಟರ್ ಮಳೆ ಬಿದ್ದರೆ 80,000 ಲೀಟರ್ ನೀರಾಗುತ್ತದೆ. ಕಾಲುಭಾಗ ವ್ಯರ್ಥವಾದರೂ 60,000 ಲೀಟರ್ ಉಳಿಯುತ್ತದೆ. ಇದು ಐದು ಜನರ ಸಂಸಾರಕ್ಕೆ ಸುಮಾರು ಮೂರು ತಿಂಗಳ ನೀರು. ದೇವಾಲಯದ ಚಾವಣಿಯಾದರೋ ಇದಕ್ಕಿಂತ ಬಹಳ ದೊಡ್ಡದು. ಬೆಂಗಳೂರಿನಲ್ಲಿ 2009ರಿಂದ ಮಳೆನೀರಿನ ಕೊಯ್ಲು ಕಡ್ಡಾಯವಾಗಿದೆ. ನಮ್ಮಲ್ಲಿ ಅದು ಕಡ್ಡಾಯವಾಗುವವರೆಗೆ ಕಾಯಬೇಕೇ?

ಆದುದರಿಂದ ಸಮಿತಿಯು ಬಾವಿಯ ಮಣ್ಣನ್ನು ತೆಗೆಸಿ, ಚಾವಣಿಯ ನೀರನ್ನು ಮರಳು, ಜಲ್ಲಿಗಳ ಮೂಲಕ ಸೋಸಿ ಅದಕ್ಕೆ ಇಳಿಸಲು ತೀರ್ಮಾನಿಸಿದೆ. ವಾಹನಗಳಿಗೆ ಆವರಣದ ಒಂದು ಬದಿ ಮಾತ್ರ. ಧರ್ಮಕೇಂದ್ರದ ಮನೆಮನೆಯವರೂ ಮೂರು ಕಟ್ಟಳೆಗಳನ್ನು ಪಾಲಿಸಬೇಕೆಂದು ವಿನಂತಿಸುತ್ತೇವೆ: ಚಾವಣಿಯ ನೀರನ್ನು ಚರಂಡಿಗೆ ಬಿಡಬಾರದು, ಸೋರುವ ನಲ್ಲಿಯನ್ನು ಅಂದೇ ಸರಿಪಡಿಸಬೇಕು, ಹೊಸ ಕೊಳವೆ ಬಾವಿ ಕೊರೆಸುವ ಮುನ್ನ ನೆರೆಯವರನ್ನು ಕೇಳಬೇಕು. ದಂಡ ಹಾಕುವವರು ಯಾರೂ ಇಲ್ಲ. ಎರಡು ಕೊಡದ ಕಟ್ಟಳೆಯನ್ನು ಮೀರಿದವರಿಗೂ ದಂಡವಿರಲಿಲ್ಲ. ಹಿಂದೆ ನಿಂತವರ ಮುಖ ಕಾಣುತ್ತಿತ್ತು, ಅಷ್ಟೇ ಸಾಕಾಗಿತ್ತು.

ಬಾಯಾರಿದವನಿಗೆ ಕೊಟ್ಟ ಒಂದು ಲೋಟ ತಣ್ಣೀರಿಗೂ ಪ್ರತಿಫಲವುಂಟೆಂದು ನಾವು ನಂಬಿದವರು. ಕೊಡಲು ಆ ಲೋಟದಲ್ಲಿ ನೀರಿರುವಂತೆ ನೋಡಿಕೊಳ್ಳುವ ಹೊಣೆಯೂ ನಮ್ಮದೇ ಆಗಿದೆ. ಮುಂಗಾರಿಗೆ ಮೊದಲು ಬಾವಿಯ ಕೆಲಸ ಮುಗಿಯಬೇಕು. ಗುದ್ದಲಿ ಹಿಡಿಯಬಲ್ಲವರೆಲ್ಲರೂ ಬರಬೇಕಾಗಿ ಕೋರುತ್ತೇವೆ.