ಮೂಳೆಗೆ ಹೆಸರು ಹೇಳೋರು ನೆಂಟರೇ

ಪೇಪರಿನ ಒಳಪುಟದಲ್ಲಿ ಆ ಚಿಕ್ಕ ಬಾಕ್ಸ್ ನೋಡಿರ್ತೀರಿ. ‘ಅಪರಿಚಿತ ಶವ ಪತ್ತೆ. ವಯಸ್ಸು ಸುಮಾರು 45, ಕೋಲು ಮುಖ, ಗೋಧಿ ಮೈಬಣ್ಣ. ವಾರಸುದಾರರಿದ್ದರೆ ಠಾಣೆಗೆ ತಿಳಿಸಿ.’ ಗೌರಿಬಿದನೂರಿನ ರೈಲು ಹಳಿಯೋ, ಚಿಂತಾಮಣಿ ಕಡೆಯ ಯಾವುದೋ ಕೆರೆ ಏರಿಯೋ. ಯಾರೂ ಬರದಿದ್ದರೆ ಪೊಲೀಸರೇ ಮುಂದಿನ ಕಾರ್ಯ ಮುಗಿಸ್ತಾರೆ. ವರ್ಷಗಳಾದ ಮೇಲೆ ಆ ಮೂಳೆಗೆ ಹೆಸರು ಹುಡುಕೋಕೆ ಆಗತ್ತಾ? ಇವತ್ತಿನ ಮಾತು ಇದೇ.

ಮೊದಲು ಮಂಗಳೂರಿಗೆ ಹೋಗೋಣ. 2010ರ ಮೇ 22. ದುಬೈನಿಂದ ಬಂದ ವಿಮಾನ ರನ್‌ವೇ ದಾಟಿ ಕಮರಿಗೆ ಬಿತ್ತು. 166 ಜನರಲ್ಲಿ 158 ಮಂದಿ ತೀರಿಕೊಂಡರು. ಗುರುತು ಸಿಗದೆ ಉಳಿದ 22 ದೇಹಗಳ ಡಿಎನ್‌ಎಯನ್ನು ಹೈದರಾಬಾದಿನ ಲ್ಯಾಬಿನಲ್ಲಿ ಸಂಬಂಧಿಕರ ರಕ್ತದ ಜೊತೆ ಹೋಲಿಸಿದರು. 10 ಹೊಂದಿಕೆಯಾದವು, 12 ಆಗಲಿಲ್ಲ. ಆ ಹನ್ನೆರಡನ್ನೂ ಕೂಳೂರಿನ ಹತ್ತಿರ ಮಣ್ಣು ಮಾಡಿದರು. ಯೋಚಿಸಿ: ಪ್ರಯಾಣಿಕರ ಪಟ್ಟಿ ಕೈಯಲ್ಲೇ ಇತ್ತು, ಮನೆಯವರು ಹೊರಗೆ ಕಾಯ್ತಾ ಇದ್ದರು. ಆದರೂ ಹೀಗೆ.

ಪಟ್ಟಿಯೇ ಇಲ್ಲದಿದ್ದರೆ? ಪಂಜಾಬಿನ ಅಜ್ನಾಲದಲ್ಲಿ 2014ರಲ್ಲಿ ಒಂದು ಹಳೇ ಬಾವಿ ಅಗೆದಾಗ ರಾಶಿ ರಾಶಿ ಮೂಳೆ ಸಿಕ್ಕವು. 1857ರಲ್ಲಿ ಬ್ರಿಟಿಷರು ಕೊಂದ ಸಿಪಾಯಿಗಳದ್ದು ಅಂತ ವಾದ. 2022ರಲ್ಲಿ ಹೊರಬಂದ ಅಧ್ಯಯನ, ಇವರು ಗಂಗಾ ಬಯಲಿನ ಕಡೆಯವರು ಅಂತ ಹೇಳಿತು. ಸೀಮೆ ಗೊತ್ತಾಯ್ತು. ಹೆಸರು ಗೊತ್ತಾಗಲಿಲ್ಲ, ಯಾಕಂದ್ರೆ ಹೋಲಿಸಿ ನೋಡೋಕೆ ಮೊಮ್ಮಕ್ಕಳು, ಮರಿಮಕ್ಕಳು ಯಾರು ಅಂತಲೇ ತಿಳಿಯದು.

ಇಲ್ಲೇ ಫೊರೆನ್ಸಿಕ್ ಜೀನಿಯಾಲಜಿ ಬರೋದು. ಅಮೆರಿಕದ ಓಹಾಯೊದಲ್ಲಿ 1981ರಲ್ಲಿ ಸಿಕ್ಕ ಒಬ್ಬ ಯುವತಿಯ ಶವಕ್ಕೆ 2018ರಲ್ಲಿ ಹೆಸರು ಸಿಕ್ಕಿತು. ಜನ ತಾವಾಗೇ ಅಪ್‌ಲೋಡ್ ಮಾಡಿದ ಡಿಎನ್‌ಎ ನಡುವೆ ದೂರದ ನೆಂಟರನ್ನು ಹುಡುಕಿ, ಅಲ್ಲಿಂದ ವಂಶವೃಕ್ಷ ಬರೆದು, ಕೊಂಬೆಯಿಂದ ಕೊಂಬೆಗೆ ಇಳಿದು ಬಂದರು.

ಇದನ್ನು ಹಾಗೇ ಎತ್ತಿಕೊಂಡು ಬಂದು ಶಿಡ್ಲಘಟ್ಟದಲ್ಲಿ ಇಟ್ಟರೆ ನಡೆಯಲ್ಲ ಅನ್ನೋದು ನನ್ನ ಅಭಿಪ್ರಾಯ. ಡಿಎನ್‌ಎ ಅಪ್‌ಲೋಡ್ ಮಾಡಿರೋರು ನಮ್ಮಲ್ಲಿ ಎಷ್ಟು ಜನ ಇದ್ದಾರು, ಅದು ಒಂದು. ಅದಕ್ಕಿಂತ ದೊಡ್ಡದು ನಮ್ಮ ಸಂಬಂಧಗಳು. ಅಮೆರಿಕದವರು ಸರ್‌ನೇಮ್ ಹಿಡಿದು ಹಿಂದಕ್ಕೆ ಹೋಗ್ತಾರೆ. ನಮಗೆ ಇರೋದು ಇನಿಷಿಯಲ್ಲು: ಒಂದಕ್ಷರ ಊರಿಗೆ, ಒಂದಕ್ಷರ ಅಪ್ಪನಿಗೆ. ತಲೆಮಾರು ಬದಲಾದರೆ ಅಕ್ಷರವೂ ಬದಲು. ಮೇಲಾಗಿ ನಮ್ಮ ಕಡೆ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡೋದು, ಅತ್ತೆ ಮಗಳನ್ನು ತರೋದು ಹಳೇ ಪದ್ಧತಿ. (ನಿಮ್ಮನೇಲೂ ಒಂದೆರಡು ಜೋಡಿ ಇರ್ತಾರೆ ಬಿಡಿ.) ಮಾವ–ಸೊಸೆ ಮದುವೆಯಾದರೆ ಅಪ್ಪನ ತಾಯಿಯೇ ಅಮ್ಮನ ಅಜ್ಜಿ. ಒಬ್ಬಳೇ ಅಜ್ಜಿಯ ಡಿಎನ್‌ಎ ಮಗುವಿಗೆ ಎರಡು ದಾರಿಯಲ್ಲಿ ಬರತ್ತೆ. ಇಂಥಾದ್ದು ನಾಲ್ಕು ತಲೆಮಾರು ನಡೆದರೆ ದೂರದ ದಾಯಾದಿ ಕಂಪ್ಯೂಟರಿಗೆ ಹತ್ತಿರದ ಅಣ್ಣನ ಹಾಗೆ ಕಾಣ್ತಾನೆ. ಲೆಕ್ಕ ಎಡವೋದು ಅಲ್ಲೇ.

ಕಾನೂನಿನ ಕಡೆಯೂ ಖಾಲಿ. 2019ರಲ್ಲಿ ಲೋಕಸಭೆಗೆ ಬಂದ ಡಿಎನ್‌ಎ ಮಸೂದೆಯಲ್ಲಿ ಕಾಣೆಯಾದವರಿಗೆ, ಅಪರಿಚಿತ ಶವಗಳಿಗೆ ಪ್ರತ್ಯೇಕ ಪಟ್ಟಿ ಇಡುವ ಮಾತಿತ್ತು. ಖಾಸಗಿತನದ ಆತಂಕವೂ ಸುಳ್ಳಲ್ಲ. 2023ರಲ್ಲಿ ಸರ್ಕಾರ ಅದನ್ನು ವಾಪಸ್ ತಗೊಂಡಿತು.

ಹಾಗಂತ ನಮ್ಮಲ್ಲಿ ವಂಶವೃಕ್ಷ ಇಲ್ಲ ಅನ್ಕೋಬೇಡಿ. ಹೆಳವರು ಗೊತ್ತಲ್ಲ? ಎತ್ತು ಹೊಡ್ಕೊಂಡು ಊರೂರು ತಿರುಗಿ, ಮನೆ ಮುಂದೆ ನಿಂತು ನಿಮ್ಮ ತಾತ–ಮುತ್ತಾತನ ಹೆಸರು, ಮೂಲ ಊರು, ಮನೆದೇವರು ಎಲ್ಲಾ ಹೇಳೋರು. ತೆಲುಗು ಸೀಮೆಯಲ್ಲಿ ಇವರನ್ನೇ ಪಿಚ್ಚಿಗುಂಟ್ಲ ಅಂತಾರೆ. ಕಾಳು ಕೊಟ್ಟರೆ ವಂಶ ಹೇಳ್ತಾರೆ, ಹೊಸದಾಗಿ ಹುಟ್ಟಿದವರನ್ನೂ ಸೇರಿಸ್ಕೊಳ್ತಾರೆ. ಆದರೆ ಅಲ್ಲಿ ನಡೆಯೋದು ಹೆಚ್ಚಾಗಿ ಗಂಡುಮಕ್ಕಳ ಸಾಲು. ಹಳೇ ಮೂಳೆಯಲ್ಲಿ ಸುಲಭವಾಗಿ ಉಳಿಯೋ ಮೈಟೊಕಾಂಡ್ರಿಯಾದ ಡಿಎನ್‌ಎ ಮಾತ್ರ ತಾಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಇಳಿಯತ್ತೆ. ಆ ಸಾಲನ್ನು ಹೇಳೋಕೆ ಮನೆಯಲ್ಲಿರೋ ಅಜ್ಜಿಯನ್ನೇ ಕೇಳಬೇಕು.