ಪರದೆಯ ಹಿಂದಿನ ಬೆಳಕು

ವಸ್ತುಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅವುಗಳನ್ನು ಕಂಡುಹಿಡಿದವರ ಮಾತನ್ನು ಕೇಳುತ್ತಾರೆ. ಮಾರಿದವರ ಲೆಕ್ಕಪತ್ರಗಳನ್ನು ನೋಡುತ್ತಾರೆ. ಹಣ ತೆತ್ತು ಕೊಂಡು, ಮನೆಯೊಳಗೆ ಇರಿಸಿಕೊಂಡು, ಹತ್ತು ಹದಿನೈದು ವರ್ಷ ಅದರೊಡನೆ ಬಾಳಿದವರ ಸಾಕ್ಷ್ಯ ಮಾತ್ರ ಯಾರಿಗೂ ಬೇಡವಾಗುತ್ತದೆ. ಈ ಹೊತ್ತು ನಾನು ಹೇಳಹೊರಟಿರುವುದು ಅಂಥದೊಂದು ವಸ್ತುವಿನ ಕಥೆ: ಅಮೆರಿಕದ ಮನೆಗಳಲ್ಲಿ ಒಂದು ಕಾಲಕ್ಕೆ ಬೀರುವಿನಷ್ಟು ದೊಡ್ಡದಾಗಿ ನಿಂತಿದ್ದು, ಈಗ ಹೇಳಹೆಸರಿಲ್ಲದಂತಾಗಿರುವ, ಪರದೆಯ ಹಿಂಬದಿಯಿಂದ ಚಿತ್ರ ಬೀಳಿಸುವ ಟೆಲಿವಿಷನ್ನಿನ ಕಥೆ.

ಇದರ ತತ್ತ್ವ ನಮಗೆ ಹೊಸದಲ್ಲ. ನಮ್ಮ ತೊಗಲುಗೊಂಬೆಯಾಟವನ್ನು ನೆನೆದುಕೊಳ್ಳಿ. ಬಿಳಿಯ ಪರದೆ, ಅದರ ಹಿಂದೆ ದೀಪ, ನಡುವೆ ಹದಮಾಡಿದ ತೊಗಲಿನ ಬಣ್ಣದ ಬೊಂಬೆ, ಈಚೆಗೆ ಊರಿನ ಜನ. ಸಿನಿಮಾ ಮಂದಿರದಲ್ಲಿ ಬೆಳಕು ನಮ್ಮ ತಲೆಯ ಮೇಲಿಂದ ಹಾದು, ಪರದೆಗೆ ಬಡಿದು ಹಿಂದಿರುಗುತ್ತದೆ. ಬೊಂಬೆಯಾಟದಲ್ಲಿ ಅದು ಪರದೆಯನ್ನು ತೂರಿಕೊಂಡು ನೇರವಾಗಿ ನಮ್ಮ ಕಣ್ಣಿಗೆ ಬರುತ್ತದೆ. ಅಲ್ಲಿಂದಲೇ ಇಲ್ಲಿಗೆ ಬಂದಿತೆಂದು ಹೇಳುವ ಸಾಹಸಕ್ಕೆ ನಾನು ಕೈಹಾಕುವುದಿಲ್ಲ. ಎರಡರಲ್ಲಿಯೂ ದೀಪ ನೋಡುವವನಿಗೆ ಕಾಣದು, ದೀಪವನ್ನು ಕಾಯುವವನೊಬ್ಬ ಬೇಕು ಎಂಬಷ್ಟನ್ನು ಮಾತ್ರ ಹೇಳುತ್ತೇನೆ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಟೆಲಿವಿಷನ್ ಮನೆಗಳಿಗೆ ಬರತೊಡಗಿದಾಗ ಹತ್ತು ಅಂಗುಲದ ಚಿತ್ರನಳಿಗೆಯೇ ದೊಡ್ಡದೆನಿಸಿದ್ದಿತು. ಕಾರಣ, ಒಳಗೆ ಗಾಳಿಯಿಲ್ಲದ ಗಾಜಿನ ಬುರುಡೆಯನ್ನು ಹೊರಗಿನ ವಾಯುಭಾರ ಎಡೆಬಿಡದೆ ಒತ್ತುತ್ತಿರುತ್ತದೆ. ಇಪ್ಪತ್ತು ಅಂಗುಲ ವ್ಯಾಸದ ಮುಖವಾದರೆ ಅದರ ಮೇಲೆ ಬೀಳುವ ಭಾರ ಎರಡು ಟನ್ನಿಗೂ ಮಿಕ್ಕು. ಅಂಥ ಗಾಜನ್ನು ಅಗ್ಗವಾಗಿ ಮಾಡುವ ಬಗೆ ಆಗ ತಿಳಿದಿರಲಿಲ್ಲ. ಆದುದರಿಂದ 1947ರಲ್ಲಿ ಆರ್‌ಸಿಎ ಸಂಸ್ಥೆ ಬಳಸುದಾರಿ ಹಿಡಿಯಿತು. ಐದು ಅಂಗುಲದ ಪುಟ್ಟ ನಳಿಗೆಯನ್ನು 27,000 ವೋಲ್ಟುಗಳಷ್ಟು ಒತ್ತಡದಲ್ಲಿ ಉರಿಸಿ, ಅದರ ಪ್ರಖರ ಚಿತ್ರವನ್ನು ಒಂದು ನಿಮ್ನದರ್ಪಣದಿಂದ ಹಿಗ್ಗಿಸಿ, ಓರೆಗನ್ನಡಿಯೊಂದರಿಂದ ತಿರುಗಿಸಿ, 20 ಅಂಗುಲ ಅಗಲ 15 ಅಂಗುಲ ಎತ್ತರದ ಪರದೆಯ ಬೆನ್ನಿಗೆ ಬೀಳಿಸಿತು.

ಆ ದರ್ಪಣದ ಏರ್ಪಾಡು ಬರ್ನ್‌ಹಾರ್ಡ್ ಷ್ಮಿಟ್ ಎಂಬ ವಿಚಿತ್ರ ಮನುಷ್ಯನದು. ಎಸ್ಟೋನಿಯಾದ ಕರಾವಳಿಯ ಸಣ್ಣ ದ್ವೀಪವೊಂದರಲ್ಲಿ 1879ರಲ್ಲಿ ಹುಟ್ಟಿದವನು. ಹುಡುಗನಾಗಿದ್ದಾಗ ಸಿಡಿಮದ್ದಿನೊಡನೆ ಆಟವಾಡಲು ಹೋಗಿ ಬಲಗೈಯನ್ನೇ ಕಳೆದುಕೊಂಡವನು. ಉಳಿದ ಒಂದೇ ಕೈಯಿಂದ ದೂರದರ್ಶಕಗಳ ಗಾಜು ಉಜ್ಜುತ್ತ, ಹ್ಯಾಂಬರ್ಗಿನ ಬಳಿಯ ವೇಧಶಾಲೆಯಲ್ಲಿ ಕೆಲಸಮಾಡುತ್ತ, 1930ರಲ್ಲಿ ನಕ್ಷತ್ರಗಳ ಚಿತ್ರ ತೆಗೆಯಲೆಂದು ಒಂದು ಹೊಸ ಬಗೆಯ ಕ್ಯಾಮರಾ ಮಾಡಿದನು. ಗೋಳಾಕಾರದ ದರ್ಪಣದ ದೋಷವನ್ನು ತೆಳುವಾದ ಗಾಜಿನ ಫಲಕವೊಂದು ತಿದ್ದುವಂತೆ ರೂಪಿಸಿದ್ದೇ ಅವನ ಜಾಣ್ಮೆ. 1935ರಲ್ಲಿ ತೀರಿಕೊಂಡ ಅವನಿಗೆ, ನಕ್ಷತ್ರದ ಬೆಳಕನ್ನು ಒಳಗೆ ಸೆಳೆಯಲು ತಾನು ಹೂಡಿದ ತಂತ್ರವನ್ನು ತಿರುವುಮುರುವು ಮಾಡಿ ಬೈಠಕ್‌ಖಾನೆಯ ಪೆಟ್ಟಿಗೆಯಿಂದ ಬೆಳಕನ್ನು ಹೊರಗೆ ಚೆಲ್ಲುವರೆಂಬ ಕಲ್ಪನೆಯೂ ಇದ್ದಿರಲಾರದು.

ಐವತ್ತರ ದಶಕದಲ್ಲಿ ಇಪ್ಪತ್ತೊಂದು ಅಂಗುಲದ ನೇರ ನಳಿಗೆಗಳು ಅಗ್ಗವಾಗಿ ಬಂದೊಡನೆ ಈ ಮೊದಲ ಅಧ್ಯಾಯ ಮುಗಿಯಿತು. ಕಾಲು ಶತಮಾನದ ಅನಂತರ, ಎಪ್ಪತ್ತರ ದಶಕದ ಆರಂಭದಲ್ಲಿ, ಹೆನ್ರಿ ಕ್ಲಾಸ್ ಎಂಬ ಧ್ವನಿವರ್ಧಕಗಳ ತಜ್ಞ ತನ್ನ ಅಡ್ವೆಂಟ್ ಸಂಸ್ಥೆಯಿಂದ ಏಳು ಅಡಿಯ ಬಾಗುಪರದೆಯ ಮೇಲೆ ಮೂರು ನಳಿಗೆಗಳಿಂದ ಬಣ್ಣದ ಚಿತ್ರ ಬೀಳಿಸಿ ತೋರಿದನು. ಅದು ಮುಂಬದಿಯಿಂದ ಬೀಳಿಸುವಂಥದು. ಪರದೆ ಬೇರೆ, ಯಂತ್ರ ಬೇರೆ. ಕೋಣೆಯನ್ನು ಕತ್ತಲೆ ಮಾಡಬೇಕು, ನಡುವೆ ಯಾರೂ ಹಾಯಬಾರದು. ಎಲ್ಲವನ್ನೂ ಮತ್ತೆ ಒಂದೇ ಪೆಟ್ಟಿಗೆಯೊಳಗೆ ಮಡಿಸಿ, ಪರದೆಯ ಬೆನ್ನಿಗೆ ಬೆಳಕು ಕೊಟ್ಟ ಯಂತ್ರಗಳು ಎಂಬತ್ತು ತೊಂಬತ್ತರ ದಶಕಗಳಲ್ಲಿ ಮಿತ್ಸುಬಿಷಿ, ಪಯೋನಿಯರ್, ಹಿಟಾಚಿ, ತೋಷಿಬಾ ಮೊದಲಾದವರ ಹೆಸರಿನಲ್ಲಿ ಬಂದವು. ಮನೆಯಲ್ಲಿಯೇ ಸಿನಿಮಾ ಮಂದಿರವನ್ನು ಕಟ್ಟಿಕೊಳ್ಳುವ ಹಂಬಲ ಇವುಗಳ ಸುತ್ತ ಬೆಳೆಯಿತು.

ಈ ಕಾಲದ ಒಡೆಯರ ಅಭಿಪ್ರಾಯಗಳನ್ನು ನಾನು ಒಂದಿಷ್ಟು ಶ್ರದ್ಧೆಯಿಂದಲೇ ಓದಿದ್ದೇನೆ, ಕೆಲವರನ್ನು ಕಂಡು ಕೇಳಿಯೂ ಇದ್ದೇನೆ. ಅವುಗಳಲ್ಲಿ ಒಂದು ಕ್ರಮವಿದೆ. ಕೊಂಡ ವಾರದ ಮಾತೆಲ್ಲ ಅಳತೆಯದು: ಐವತ್ತು ಅಂಗುಲ, ಅರವತ್ತು ಅಂಗುಲ, ನೆರೆಯವರು ಬಂದು ನೋಡಿದರು. ಒಂದು ವರ್ಷ ಕಳೆದ ಮೇಲಿನ ಮಾತು ದೂರುಗಳದು. ನಿಂತು ನೋಡಿದರೆ ಚಿತ್ರ ಮಸುಕಾಗುತ್ತದೆ, ಕುಳಿತರೆ ಸರಿಹೋಗುತ್ತದೆ. ಕಿಟಕಿಯಿಂದ ಬಿಸಿಲು ಬಿದ್ದರೆ ಏನೂ ಕಾಣದು. ಬಿಳಿಯ ಅಕ್ಷರಗಳ ಅಂಚಿನಲ್ಲಿ ಕೆಂಪು, ನೀಲಿ ಎಳೆಗಳು ಇಣುಕುತ್ತವೆ. ಆದರೆ ಹತ್ತು ವರ್ಷ ಇಟ್ಟುಕೊಂಡವರ ಮಾತು ಬೇರೆಯೇ ಆಗಿರುತ್ತದೆ. ಅದರಲ್ಲಿ ಹೊಗಳಿಕೆಯೂ ಇಲ್ಲ, ದೂರೂ ಇಲ್ಲ, ಮನೆಯ ಹಳೆಯ ಹಸುವನ್ನು ಕುರಿತು ಆಡುವ ಮಾತಿನ ಧಾಟಿಯಿದೆ.

ಈ ಬದಲಾವಣೆಯ ಕಾರಣ ಯಂತ್ರದ ರಚನೆಯಲ್ಲಿಯೇ ಇದೆಯೆಂದು ನನ್ನ ಎಣಿಕೆ. ಪೆಟ್ಟಿಗೆಯ ಒಳಗೆ ಏಳು ಅಂಗುಲದ ಮೂರು ನಳಿಗೆಗಳು: ಒಂದು ಕೆಂಪು, ಒಂದು ಹಸಿರು, ಒಂದು ನೀಲಿ. ಒಂದೊಂದರ ಮುಖದ ಮುಂದೆ ಬಿಸಿ ಹೀರುವ ದ್ರವ, ಅದರ ಮುಂದೆ ಮಸೂರ. ಮೂರು ಚಿತ್ರಗಳೂ ಕನ್ನಡಿಯಲ್ಲಿ ತಿರುಗಿ ಪರದೆಯ ಮೇಲೆ ಒಂದರ ಮೇಲೊಂದು ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಕೂಡಬೇಕು. ಹೀಗೆ ಕೂಡಿಸುವುದಕ್ಕೆ ಕನ್ವರ್ಜೆನ್ಸ್ ಎಂದು ಹೆಸರು. ಅದು ಒಮ್ಮೆ ಮಾಡಿ ಮರೆಯುವ ಕೆಲಸವಲ್ಲ. ಪೆಟ್ಟಿಗೆಯನ್ನು ಬೇರೆ ದಿಕ್ಕಿಗೆ ತಿರುಗಿಸಿದರೆ ಭೂಮಿಯ ಕಾಂತಶಕ್ತಿಯಿಂದಲೇ ಬಣ್ಣಗಳು ಜರುಗುತ್ತವೆ. ಯಂತ್ರ ಬಿಸಿಯಾಗುತ್ತಿದ್ದಂತೆ ಮತ್ತಷ್ಟು ಜರುಗುತ್ತವೆ. ಪರದೆಯೂ ಬರಿಯ ಬಟ್ಟೆಯಲ್ಲ. ಹಿಂದಿನ ಪದರದಲ್ಲಿ ಉಂಗುರದೊಳಗೆ ಉಂಗುರದಂತೆ ಕೊರೆದ ಫ್ರೆನೆಲ್ ಮಸೂರ ಚದುರುವ ಬೆಳಕನ್ನು ನೇರಮಾಡುತ್ತದೆ. ಮುಂದಿನ ಪದರದ ಉದ್ದುದ್ದ ಗೀರುಗಳು ಅದನ್ನು ಎಡಬಲಕ್ಕೆ ಹರಡುತ್ತವೆ, ಮೇಲೆ ಕೆಳಗೆ ಅಷ್ಟಾಗಿ ಹರಡುವುದಿಲ್ಲ. ನಿಂತವನಿಗೆ ಚಿತ್ರ ಮಸುಕಾಗುವ ರಹಸ್ಯ ಇದೇ.

ನನ್ನ ಸೋದರಳಿಯನೊಬ್ಬ ನ್ಯೂಜೆರ್ಸಿಯ ಮನೆಯ ನೆಲಮಾಳಿಗೆಯಲ್ಲಿ ಇಂಥದೊಂದನ್ನು ಇಟ್ಟಿದ್ದನು. ನಾನು ಹೋದಾಗ ಪರದೆಯ ತುಂಬ ಬಿಳಿಯ ಚೌಕುಳಿ ಗೆರೆಗಳನ್ನು ಮೂಡಿಸಿಕೊಂಡು, ಮೂಗು ತಾಗುವಷ್ಟು ಹತ್ತಿರ ಕುಳಿತು, ಒಂದೊಂದು ಸಂಧಿಯಲ್ಲಿಯೂ ಕೆಂಪನ್ನೂ ನೀಲಿಯನ್ನೂ ಹಸಿರಿನ ಮೇಲೆ ತಂದು ಕೂರಿಸುತ್ತಿದ್ದನು. ಇನ್ನೂ ಎಷ್ಟು ಹೊತ್ತಪ್ಪ ಎಂದೆ. “ಮಾವಾ, ಅರ್ಧ ಗಂಟೆ ಉರಿಸಿ ಕಾಯಿಸದೆ ಕೈ ಹಾಕುವ ಹಾಗಿಲ್ಲ. ನೀವು ತಂಬೂರಿ ಶ್ರುತಿ ಮಾಡಿಕೊಳ್ಳುವುದಿಲ್ಲವೇ?” ಎಂದನು. ಅವನ ಹೆಂಡತಿ ಮೆಟ್ಟಿಲ ಮೇಲಿನಿಂದ, ಶ್ರುತಿಯೇ ಆಯಿತು, ಕಚೇರಿ ಮಾತ್ರ ಎಂದೂ ಆಗಲಿಲ್ಲ ಎಂದಳು. ಒಡೆಯರ ಅಭಿಪ್ರಾಯವೆಂದಾಗ ಮನೆಯ ಒಡತಿಯರದನ್ನೂ ಲೆಕ್ಕಕ್ಕೆ ಹಿಡಿಯಬೇಕಷ್ಟೆ.

ಇನ್ನೊಂದು ವಿಷಯದಲ್ಲಿ ಒಡೆಯರು ಮಾರುವವರಿಗಿಂತ ಬುದ್ಧಿವಂತರಾದರು. ಅಂಗಡಿಯ ಝಗಝಗಿಸುವ ದೀಪಗಳ ನಡುವೆ ಎದ್ದು ಕಾಣಲೆಂದು ಈ ಯಂತ್ರಗಳನ್ನು ಕಾರ್ಖಾನೆಯಲ್ಲಿಯೇ ಅತಿ ಹೊಳಪಿಗೆ, ನೀಲಿ ಛಾಯೆಗೆ ಹೊಂದಿಸಿ ಕಳುಹಿಸುತ್ತಿದ್ದರು. ಅದೇ ಸ್ಥಿತಿಯಲ್ಲಿ ಬಿಟ್ಟರೆ ನಳಿಗೆಗಳು ಬೇಗ ಸವೆಯುತ್ತವೆ; ವಾಹಿನಿಗಳ ಲಾಂಛನ, ವಿಡಿಯೋ ಆಟದ ಅಂಕಪಟ್ಟಿ ಮೊದಲಾದ ನಿಶ್ಚಲ ಗುರುತುಗಳು ಅಳಿಸದಂತೆ ಸುಟ್ಟು ಉಳಿಯುತ್ತವೆ. 1989ರಲ್ಲಿ ಜೋ ಕೇನ್ ಎಂಬವರು ‘ಎ ವಿಡಿಯೋ ಸ್ಟ್ಯಾಂಡರ್ಡ್’ ಎಂಬ ಲೇಸರ್ ತಟ್ಟೆಯೊಂದನ್ನು ಹೊರತಂದು, ಚಿತ್ರವನ್ನು ಹೇಗೆ ಹೊಂದಿಸಬೇಕೆಂಬುದನ್ನು ಬಳಸುವವರಿಗೇ ಕಲಿಸಿದರು. ಹಾಗೆ ಹೊಂದಿಸಿದ ಚಿತ್ರ ಮೊದಲು ಹಳದಿಯಾಗಿ, ಸಪ್ಪೆಯಾಗಿ ಕಂಡಿತೆಂದು ಹಲವರು ಹೇಳುತ್ತಾರೆ. ವಾರ ಕಳೆದ ಮೇಲೆ ಹಳೆಯದಕ್ಕೆ ಹಿಂದಿರುಗಲು ಆಗಲಿಲ್ಲವೆಂದೂ ಅವರೇ ಹೇಳುತ್ತಾರೆ. ಕಣ್ಣಿಗೂ ಅಭಿರುಚಿಯ ಶಿಕ್ಷಣವುಂಟೆಂಬುದನ್ನು ಕಾವ್ಯ ಓದುವ ನಾವು ಒಪ್ಪಲು ಕಷ್ಟವಿಲ್ಲ.

1997ರಲ್ಲಿ ಅಮೆರಿಕಕ್ಕೆ ಡಿವಿಡಿ ಬಂದಿತು. 1998ರಲ್ಲಿ ಉನ್ನತ ಸ್ಫುಟತೆಯ ಪ್ರಸಾರ ಆರಂಭವಾಯಿತು. ಅಗಲ ಪರದೆಯ ಯಂತ್ರಗಳನ್ನು ದುಬಾರಿ ಬೆಲೆಗೆ ಮೊದಲು ಕೊಂಡವರು ಇವರೇ. ಕೆಲವೇ ವರ್ಷಗಳಲ್ಲಿ ನಕಲು ತಡೆಯುವ ಬೀಗವುಳ್ಳ ಹೊಸ ತಂತಿಯ ಜೋಡಣೆ ಬಂದಿತು. ಅದು ಇವರ ಪೆಟ್ಟಿಗೆಗಳಲ್ಲಿ ಇರಲಿಲ್ಲ. ಹೊಸ ಪ್ರಸಾರವನ್ನು ನಂಬಿ ಮೊದಲು ಹಣ ಹಾಕಿದವರನ್ನೇ ಬಾಗಿಲ ಹೊರಗೆ ನಿಲ್ಲಿಸುವ ಸಿದ್ಧತೆ ನಡೆದಿದೆಯೆಂದು ಅವರು ಸಿಟ್ಟಾದರು. ಆ ಸಿಟ್ಟು ನ್ಯಾಯವಾದುದೆಂದೇ ನನ್ನ ಅಭಿಪ್ರಾಯ.

ಅನಂತರದ್ದು ಬೇಗ ಹೇಳಿ ಮುಗಿಸಬಹುದಾದ ಕಥೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ರೂಪಿಸಿದ, ಉಗುರಗಲದ ಚಿಪ್ಪಿನ ಮೇಲೆ ಲಕ್ಷಗಟ್ಟಲೆ ಕಿರುಗನ್ನಡಿಗಳು ಓಲಾಡುವ ಉಪಾಯ ಮೂರು ನಳಿಗೆಗಳ ಜಾಗಕ್ಕೆ ಬಂದಿತು. ಪೆಟ್ಟಿಗೆ ಹಗುರವಾಯಿತು, ಕೂಡಿಸುವ ತೊಂದರೆ ತಪ್ಪಿತು. ಹೊಸ ಒಡೆಯರ ದೂರುಗಳೂ ಹೊಸವು: ಕೆಲವು ಸಾವಿರ ಗಂಟೆಗೊಮ್ಮೆ ದೀಪ ಬದಲಿಸಬೇಕು, ಕತ್ತಲೆಯ ದೃಶ್ಯ ಬೂದಿಬಣ್ಣವಾಗಿ ಕಾಣುತ್ತದೆ, ಕಣ್ಣು ಹೊರಳಿಸಿದರೆ ಕಾಮನಬಿಲ್ಲು ಮಿಂಚುತ್ತದೆ. ಅಷ್ಟರಲ್ಲಿ ಗೋಡೆಗೆ ತೂಗುಹಾಕುವ ಚಪ್ಪಟೆ ಟೆಲಿವಿಷನ್ನುಗಳ ಬೆಲೆ ಇಳಿಯಿತು. 2007ರ ಕೊನೆಯಲ್ಲಿ ಸೋನಿ ಈ ಉದ್ಯಮವನ್ನು ಬಿಡುವುದಾಗಿ ಸಾರಿತು. ಕಡೆಯವರೆಗೂ ಹಿಡಿದು ನಿಂತಿದ್ದ ಮಿತ್ಸುಬಿಷಿ 2012ರ ಡಿಸೆಂಬರಿನಲ್ಲಿ ಕೈಬಿಟ್ಟಿತು. ಚಿತ್ರದ ಗುಣದಲ್ಲಿ ಇದು ಸೋತಿತೆಂದು ಹಳೆಯ ಒಡೆಯರು ಒಪ್ಪುವುದಿಲ್ಲ. ಕತ್ತಲೆಯನ್ನು ಕತ್ತಲೆಯಾಗಿಯೇ ತೋರಿಸುವುದರಲ್ಲಿ ಆ ಮೂರು ನಳಿಗೆಗಳಿಗೆ ಮೊದಮೊದಲ ಚಪ್ಪಟೆ ಪರದೆಗಳು ಸರಿಸಾಟಿಯಾಗಿರಲಿಲ್ಲವೆಂಬ ಅವರ ಮಾತು ನಿಜ. ಸೋತದ್ದು ಕೋಣೆಯಲ್ಲಿ ಅದು ಹಿಡಿಯುತ್ತಿದ್ದ ಜಾಗದಿಂದ.

ಉಳಿದ ಪೆಟ್ಟಿಗೆಗಳ ಪಾಡು ಬೇರೆ ಬೇರೆ. ಕೆಲವದರ ದ್ರವದಲ್ಲಿ ಬೂಷ್ಟು ಬೆಳೆದು ಚಿತ್ರಕ್ಕೆ ಮೋಡ ಕವಿಯಿತು. ಮೆಟ್ಟಿಲು ಹತ್ತಿಸಲಾರದೆ, ಮನೆ ಮಾರುವಾಗ ನನ್ನ ಸೋದರಳಿಯ ತನ್ನದನ್ನು ಅಲ್ಲಿಯೇ ಬಿಟ್ಟು ಬಂದನು. ಹಳೆಯ ಯಂತ್ರಗಳನ್ನು ಬಿಚ್ಚುವ ಹವ್ಯಾಸಿಗಳು ಮಾತ್ರ ಪರದೆಯ ಹಿಂದಿನ ಫ್ರೆನೆಲ್ ಹಾಳೆಯನ್ನು ಜೋಪಾನವಾಗಿ ತೆಗೆದಿಟ್ಟುಕೊಳ್ಳುತ್ತಾರೆ. ಫ್ರೆಂಚ್ ವಿಜ್ಞಾನಿ ಫ್ರೆನೆಲ್ ಅದನ್ನು ರೂಪಿಸಿದ್ದು ದೀಪಸ್ತಂಭಗಳಿಗಾಗಿ. 1823ರಲ್ಲಿ ಕೊರ್ದುವಾನ್ ದೀಪಸ್ತಂಭದಲ್ಲಿ ಅದು ಮೊದಲು ಹಡಗುಗಳಿಗೆ ದಾರಿ ತೋರಿತು. ಈ ಹವ್ಯಾಸಿಗಳು ಅದನ್ನು ಚೌಕಟ್ಟಿಗೆ ಬಿಗಿದು, ಅಂಗಳದಲ್ಲಿ ಬಿಸಿಲಿಗೆ ಹಿಡಿದು, ಸೌದೆ ಹೊತ್ತಿಸುತ್ತಾರೆ.